ಅಂಚುಸಂಧಿ ಮೀಮಾಂಸೆ: ಮೂರು ತಾಲ್ಲೂಕು, ಮೂರು ಪ್ರೊಜೆಕ್ಟರ್, ಒಂದು ಪರದೆ

ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಶಾಸ್ತ್ರಗ್ರಂಥ 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟದ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿತು. ಮಾನ್ಯಖೇಟವೆಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ನಾಡಿನ ಎರಡೂ ಅಂಚುಗಳನ್ನು ಗುರುತಿಸಿದ ಗ್ರಂಥಕರ್ತ ಶ್ರೀವಿಜಯ, ಎರಡು ಪ್ರೊಜೆಕ್ಟರ್‌ಗಳ ಅಂಚು ಹೇಗೆ ಕೂಡಬೇಕೆಂಬುದರ ಬಗ್ಗೆ ಮಾತ್ರ ಒಂದಕ್ಷರವನ್ನೂ ಹೇಳಿಲ್ಲ. ಸುಮಾರು ಹನ್ನೆರಡು ಶತಮಾನ ಖಾಲಿ ಉಳಿದ ಈ ಜಾಗವನ್ನು ತುಂಬುವ ಹೊಣೆ ಆಳಂದ, ಅಫಜಲಪುರ, ಜೇವರ್ಗಿಯ ಕಾರ್ಯಕ್ರಮ ಸಮಿತಿಗಳ ಮೇಲಿದೆ ಎಂಬುದು ಪ್ರಸ್ತುತ ಅಧ್ಯಯನದ ಪ್ರತಿಪಾದನೆ.

ಪೂರ್ವಾಚಾರ್ಯರನ್ನು ಸ್ಮರಿಸುವುದು ಸಂಪ್ರದಾಯ. 1927ರಲ್ಲಿ ಫ್ರಾನ್ಸಿನ ಆಬೆಲ್ ಗಾನ್ಸ್ ತನ್ನ 'ನೆಪೋಲಿಯನ್' ಚಿತ್ರದ ಕೊನೆಯ ಭಾಗಕ್ಕೆ ಮೂರು ಪರದೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಮೂರು ಪ್ರೊಜೆಕ್ಟರ್ ಓಡಿಸಿದ. 1952ರಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡ ಸಿನೆರಾಮಾ ಬಾಗಿದ ಪರದೆಯ ಮೇಲೆ ಮೂರು ಚಿತ್ರಗಳನ್ನು ಕೂಡಿಸಿತು. ನಡುವಿನ ಗೆರೆ ಮಸುಕಾಗಲೆಂದು ಪ್ರೊಜೆಕ್ಟರ್‌ನೊಳಗೆ ಹಲ್ಲುಹಲ್ಲಾದ ಲೋಹದ ತುಣುಕೊಂದನ್ನು ಕೂರಿಸಿ ಸರಸರನೆ ಅಲುಗಾಡಿಸುತ್ತಿದ್ದರು. ಆದರೂ ಗೆರೆ ಕಾಣುತ್ತಿತ್ತು. ಇಂದು ಆ ತುಣುಕಿನ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ; 'ನಡಕ ಗೆರಿ ಕಾಣಲತ್ತದ್ರಿ' ಎಂದು ಕೂಗಿ ಹೇಳುವ ಕೆಲಸ ಮಾತ್ರ ಮುಂದಿನ ಸಾಲಿನ ಹಿರಿಯರ ಕೈಯಲ್ಲೇ ಉಳಿದಿದೆ.

ಈಗ ಗಣಿತಪಾದ. ದೊಡ್ಡ ಪ್ರೊಜೆಕ್ಟರ್‌ಗಳಲ್ಲಿ ಅಡ್ಡ 1920, ಉದ್ದ 1200 ಪಿಕ್ಸೆಲ್‌ಗಳ ಮಾದರಿ ಸಾಮಾನ್ಯ. ಮೂರನ್ನು ಸಾಲಾಗಿ ಇಟ್ಟರೆ ಅಡ್ಡಕ್ಕೆ 5760 ಪಿಕ್ಸೆಲ್ ಸಿಗುತ್ತದೆಂದು ಸಮಿತಿಯ ಖಜಾಂಚಿ ಲೆಕ್ಕ ಹಾಕುತ್ತಾರೆ. ತಪ್ಪು. ಅಂಚು ಕೂಡಿಸುವ ಈ ಕೆಲಸ, ಬ್ಲೆಂಡಿಂಗ್, ಎಂದರೆ ಒಂದರ ಚಿತ್ರ ಪಕ್ಕದ್ದರ ಮೇಲೆ ಹತ್ತಲೇಬೇಕು. ಹತ್ತುವ ಪಾಲು ಶೇ 20 ಎಂದಿಟ್ಟುಕೊಂಡರೆ ಒಂದು ಕೂಡಿಕೆಗೆ 384, ಎರಡಕ್ಕೆ 768 ಪಿಕ್ಸೆಲ್ ಹೋಗಿ ಕೈಗೆ ಉಳಿಯುವುದು 4992. ಹೋದ 768ಕ್ಕೆ ವೋಚರ್ ಎಲ್ಲಿ ಎಂದು ಖಜಾಂಚಿ ಕೇಳುತ್ತಾರೆ. ಶಾಸ್ತ್ರದಲ್ಲಿ ಅದಕ್ಕೆ ಉತ್ತರವಿಲ್ಲ.

ಯಂತ್ರ ಎರಡು ತರಬೇಕೋ ಮೂರು ತರಬೇಕೋ ಎಂಬುದು ತಾಂತ್ರಿಕ ಪ್ರಶ್ನೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಶುದ್ಧ ರಾಜ್ಯಶಾಸ್ತ್ರ. ಎರಡು ತಂದರೆ ಕೂಡಿಕೆ ಬೀಳುವುದು ಪರದೆಯ ನಟ್ಟನಡುವೆ. ನಟ್ಟನಡುವೆ ಇರುವುದು ಉದ್ಘಾಟಕರ ಭಾವಚಿತ್ರ. ಬಣ್ಣ ಎಳ್ಳಷ್ಟು ತಪ್ಪಿದರೂ ಸಾಹೇಬರ ಮೂಗಿನ ಆ ಕಡೆ ಒಂದು ಬಣ್ಣ, ಈ ಕಡೆ ಇನ್ನೊಂದು. ಜೇವರ್ಗಿ ಎಂದರೆ 2004ರಲ್ಲಿ ಮುಖ್ಯಮಂತ್ರಿಯಾದ ಧರ್ಮಸಿಂಗ್ ಅವರು ಪ್ರತಿನಿಧಿಸಿದ್ದ ಕ್ಷೇತ್ರ. ನಡುವಿನ ಜಾಗದ ಮಹತ್ವವನ್ನು ಅಲ್ಲಿಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹೀಗಾಗಿ ಮುಖ ತೋರಿಸುವ ಯಾವುದೇ ಕಾರ್ಯಕ್ರಮಕ್ಕೆ ಬೆಸಸಂಖ್ಯೆಯ ಯಂತ್ರಗಳೇ ಶಾಸ್ತ್ರಸಮ್ಮತ. ಮೂರು ತಂದರೆ ಕೂಡಿಕೆಗಳು ನಡುವನ್ನು ಬಿಟ್ಟು ಎಡಬಲಕ್ಕೆ ಸರಿಯುತ್ತವೆ. ಅಲ್ಲಿ ಯಾರ ಮುಖ ಇಡುವುದು? ಮಾಜಿಗಳದನ್ನು ಇಡಬಹುದೆಂದು ಒಂದು ಪಂಥ. ಮಾಜಿಗಳು ಮತ್ತೆ ಹಾಲಿಗಳಾಗುವುದುಂಟೆಂದು ಇನ್ನೊಂದು ಪಂಥ. ಸಿದ್ಧಾಂತ: ಅಲ್ಲಿ ಹೂಬಳ್ಳಿ ಬಿಡಿಸಬೇಕು.

ಇನ್ನು ಅರ್ಧಾರ್ಧ ಪ್ರಕರಣ, ವಾದಗಳು ಹೆಚ್ಚು ನಡೆಯುವುದು ಇಲ್ಲಿ. ಎರಡು ಯಂತ್ರಗಳ ಬೆಳಕು ಒಂದೇ ಕಡೆ ಬಿದ್ದರೆ ಆ ಪಟ್ಟಿ ಇಮ್ಮಡಿ ಬೆಳಗುತ್ತದೆ. ಆದ್ದರಿಂದ ಅಲ್ಲಿ ಎರಡನ್ನೂ ಅರ್ಧಕ್ಕೆ ಇಳಿಸಿದರಾಯಿತು ಎಂಬುದು ಪೂರ್ವಪಕ್ಷ. ಇಳಿಸಿ ನೋಡಿದರೆ ನಡುವೆ ಕಪ್ಪು ಪಟ್ಟಿ. ಕಾರಣ ಗಾಮಾ, ಅಂದರೆ ಎಷ್ಟು ಸಿಗ್ನಲ್ಲಿಗೆ ಎಷ್ಟು ಬೆಳಕು ಎಂಬ ಯಂತ್ರದ ನಿಯಮ. ಗಾಮಾ 2.2 ಇರುವ ಯಂತ್ರಕ್ಕೆ ಅರ್ಧ ಸಿಗ್ನಲ್ ಕೊಟ್ಟರೆ ಅದು ಪರದೆಗೆ ಕೊಡುವ ಬೆಳಕು ಅರ್ಧವಲ್ಲ, ಸುಮಾರು ಶೇ 22. ಹಾಗಾಗಿ ಬ್ಲೆಂಡಿಂಗ್ ಶಾಸ್ತ್ರದಲ್ಲಿ ಅರ್ಧಕ್ಕೆ ಅರ್ಧ ಕೂಡಿದರೆ ಒಂದು ಆಗುವುದಿಲ್ಲ, ಶೇ 44 ಆಗುತ್ತದೆ. ನಿಜವಾಗಿ ಅರ್ಧ ಬೆಳಕು ಬೇಕೆಂದರೆ ಸಿಗ್ನಲನ್ನು ಶೇ 73ರ ಹತ್ತಿರ ನಿಲ್ಲಿಸಬೇಕು. ಈ ಹೊಂದಾಣಿಕೆ ಪ್ರೊಜೆಕ್ಟರ್‌ನಲ್ಲೇ ಇದೆಯೋ, ಇಲ್ಲ ಅದಕ್ಕೆ ಚಿತ್ರ ಕಳಿಸುವ ಕಂಪ್ಯೂಟರ್‌ನಲ್ಲಿದೆಯೋ ಎಂದು ಮೊದಲೇ ಕೇಳಿಕೊಳ್ಳಬೇಕು. ವಿಡಿಯೊ ನಡೆಸುವ ವಿಜೆಗಳ ಅಚ್ಚುಮೆಚ್ಚಿನ ರೆಸೊಲ್ಯೂಮ್ ಸಾಫ್ಟ್‌ವೇರ್‌ನ 'ಅರೀನಾ' ಆವೃತ್ತಿಯಲ್ಲಿ ಅಂಚು ಕೂಡಿಸುವ ಸೌಲಭ್ಯವಿದೆ, ಅಗ್ಗದ 'ಅವೆನ್ಯೂ'ದಲ್ಲಿ ಇಲ್ಲ. ಇದು ಗೊತ್ತಾಗುವುದು ಸಾಮಾನ್ಯವಾಗಿ ಸ್ವಾಗತಗೀತೆ ಶುರುವಾದ ಮೇಲೆ.

ಕಪ್ಪಿನ ಸಮಸ್ಯೆ ಇನ್ನೂ ಸ್ವಾರಸ್ಯದ್ದು. ಪ್ರೊಜೆಕ್ಟರ್ ಕಪ್ಪು ತೋರಿಸುವಾಗಲೂ ತುಸು ಬೆಳಕು ಸೋರುತ್ತದೆ. ಕೂಡಿಕೆಯಲ್ಲಿ ಎರಡು ಯಂತ್ರಗಳ ಸೋರಿಕೆ ಸೇರಿ ಬೂದು ಪಟ್ಟಿ ಏಳುತ್ತದೆ. ಸೋರಿಕೆಯನ್ನು ತಡೆಯಲಾಗದು, ಆದ್ದರಿಂದ ಉಳಿದ ಪರದೆಯನ್ನೂ ಅಷ್ಟೇ ಬೂದಾಗಿಸಿ ಸಮ ಮಾಡುತ್ತಾರೆ. ಒಂದು ಕಡೆಯ ದೋಷವನ್ನು ಎಲ್ಲರಿಗೂ ಸಮನಾಗಿ ಹಂಚಿ ದೋಷವೇ ಇಲ್ಲವೆಂದು ಘೋಷಿಸುವ ಈ ವಿಧಾನಕ್ಕೆ ಸಮಿತಿಗಳಲ್ಲಿ ಕೂಡಲೇ ಸರ್ವಾನುಮತದ ಒಪ್ಪಿಗೆ ಸಿಗುತ್ತದೆ.

ಜೋಡಿ ಎತ್ತು ಕೊಳ್ಳುವ ರೈತ ಮುದಿ ಎತ್ತಿನ ಪಕ್ಕ ಎಳೆಯ ಹೋರಿ ಕಟ್ಟುವುದಿಲ್ಲ. ಪ್ರೊಜೆಕ್ಟರ್ ಬಾಡಿಗೆ ಹಿಡಿಯುವವರು ಮಾತ್ರ ಕಲಬುರಗಿಯಿಂದ ಒಂದು, ಸೊಲ್ಲಾಪುರದಿಂದ ಒಂದು, ಭಾವನ ಮೈದುನನ ಅಂಗಡಿಯಿಂದ ಒಂದು ತರುತ್ತಾರೆ. ಮೂರೂ ಹತ್ತು ಸಾವಿರ ಲುಮೆನ್ಸ್ ಎಂದು ಬರೆದಿದ್ದರೂ ಮೂರು ಬಿಳಿ ಬೇರೆ ಬೇರೆ. ಬೆಳಕಿನ ಮೂಲ ಸವೆದಂತೆ ಹೊಳಪು ಇಳಿಯುತ್ತದೆ, ಬಣ್ಣವೂ ಕದಲುತ್ತದೆ. ಹೆಚ್ಚು ಲುಮೆನ್ಸ್ ಇರುವ ಬೆರಕೆ ಮೂರಕ್ಕಿಂತ ಕಡಿಮೆ ಲುಮೆನ್ಸ್‌ನ ಒಂದೇ ಮಾದರಿ, ಒಂದೇ ವಯಸ್ಸು, ಒಂದೇ ಲೆನ್ಸಿನ ಮೂರು ಲೇಸು. ಯಂತ್ರ ವಾಲಿಸದೆ ಚಿತ್ರವನ್ನು ಸರಿಸುವ ಲೆನ್ಸ್ ಶಿಫ್ಟ್ ಇರಬೇಕು. ಕೀಸ್ಟೋನ್ ಒತ್ತಿ ಚಿತ್ರವನ್ನು ನೆಟ್ಟಗೆ ಮಾಡುವವನು ಖಜಾಂಚಿಯ ಇನ್ನಷ್ಟು ಪಿಕ್ಸೆಲ್‌ಗಳನ್ನು ಹಾಳುಮಾಡುತ್ತಾನೆ.

ಇನ್ನು ಸೂರ್ಯ. 40 ಅಡಿ ಅಗಲದ ಪರದೆಗೆ ಹತ್ತು ಸಾವಿರ ಲುಮೆನ್ಸ್‌ನ ಮೂರು ಯಂತ್ರ ಬಿಟ್ಟರೆ ಪರದೆಯ ಮೇಲೆ ಬೀಳುವುದು ಸುಮಾರು 700 ಲಕ್ಸ್. ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್. ಆಮಂತ್ರಣ ಪತ್ರಿಕೆಯಲ್ಲಿ ಸಂಜೆ 5 ಗಂಟೆ ಎಂದಿದ್ದರೆ ಬೇಸಿಗೆಯಲ್ಲಿ ಪರದೆ ಬರೀ ಬಟ್ಟೆ. ಹಾಗಿದ್ದೂ ಈ ಭಾಗದಲ್ಲಿ ಚಿತ್ರ ಕಾಣುತ್ತದಲ್ಲ, ಹೇಗೆ? ಉದ್ಘಾಟಕರು ಏಳೂವರೆಗೆ ಬರುತ್ತಾರೆ. ಅತಿಥಿಗಳ ವಿಳಂಬವು ಕಾಂಟ್ರಾಸ್ಟ್‌ಗೆ ಕೊಟ್ಟ ಕೊಡುಗೆಯನ್ನು ಯಾವ ಕಂಪನಿಯೂ ತನ್ನ ಕೈಪಿಡಿಯಲ್ಲಿ ನಮೂದಿಸಿಲ್ಲ. ದೇವಲ ಗಾಣಗಾಪುರದ ದತ್ತ ಜಯಂತಿ ಮಾರ್ಗಶಿರ ಹುಣ್ಣಿಮೆಗೆ ಬರುವುದರಿಂದ ಬೆಳದಿಂಗಳ ಬಾಧೆ ಎಷ್ಟೆಂಬ ಆಕ್ಷೇಪವನ್ನೂ ಪರಿಶೀಲಿಸಲಾಯಿತು: ಕಾಲು ಲಕ್ಸಿನ ಆಸುಪಾಸು. ಚಂದ್ರ ನಿರಪರಾಧಿ. ಪರದೆಯ ಪಕ್ಕದ ಮಿಠಾಯಿ ಅಂಗಡಿಯ ಫೋಕಸ್ ಲೈಟೇ ಅಪರಾಧಿ.

ಕಲಬುರಗಿ ಸೀಮೆಯ ಬೇಸಿಗೆ 42 ಡಿಗ್ರಿ ದಾಟುತ್ತದೆ; ಅನೇಕ ಪ್ರೊಜೆಕ್ಟರ್‌ಗಳ ಸಹನೆ 40ಕ್ಕೇ ಮುಗಿಯುತ್ತದೆ. ಆ ಮೇಲೆ ಅವು ಬೆಳಕು ಇಳಿಸುತ್ತವೆ, ಇಲ್ಲವೇ ಆರಿಹೋಗುತ್ತವೆ. ಮೂರರಲ್ಲಿ ಒಂದು ಮಾತ್ರ ಬೆಳಕು ಇಳಿಸಿತೆಂದರೆ ಬ್ಲೆಂಡಿಂಗ್ ಅಲ್ಲಿಗೇ ಮುಗಿಯಿತು. ಕರೆಂಟು ಹೋಗಿ ಬಂದರೆ ಲ್ಯಾಂಪಿನ ಯಂತ್ರ ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳಲು ನಿಮಿಷಗಳು ಬೇಕು. ಲೇಸರ್ ಯಂತ್ರ ಅಷ್ಟು ಕಾಯಿಸದು. ಇಲ್ಲಿಗೆ ಲೇಸರ್, ಜೊತೆಗೆ ಕಂಪ್ಯೂಟರ್‌ಗೊಂದು ಯುಪಿಎಸ್. ತೊಗರಿ ರಾಶಿಯ ದಿನಗಳಲ್ಲಿ ಫಿಲ್ಟರ್ ದಿನವೂ ಕೊಡವಬೇಕು.

ಆ 40 ಅಡಿ ಪರದೆಯಲ್ಲಿ ಒಂದು ಪಿಕ್ಸೆಲ್‌ನ ಅಗಲ ಎರಡೂವರೆ ಮಿಲಿಮೀಟರ್‌ಗೂ ಕಡಿಮೆ. ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಪ್ರೊಜೆಕ್ಟರ್ ಇಟ್ಟು, ಅದರ ಪಕ್ಕ ಹಲಗಿ ಮೇಳ ನಿಲ್ಲಿಸಿದರೆ ಒಂದೊಂದು ಪೆಟ್ಟಿಗೂ ಕೂಡಿಕೆಯಲ್ಲಿ ಅಕ್ಷರಗಳು ಎರಡೆರಡಾಗುತ್ತವೆ. ವೇದಿಕೆಯ ಹಿಂದಿನಿಂದ ಬೆಳಕು ಬಿಟ್ಟರಾಯಿತು ಎಂಬ ಸಲಹೆ ಬರುತ್ತದೆ. ಒಂದೂವರೆ ಥ್ರೋ ರೇಶಿಯೋದ, ಅಂದರೆ ತನ್ನ ಪಾಲಿನ ಚಿತ್ರದ ಅಗಲದ ಒಂದೂವರೆ ಪಟ್ಟು ದೂರ ಬೇಡುವ ಲೆನ್ಸಿಗೆ ಅಲ್ಲಿ ಏಳು ಮೀಟರ್ ಖಾಲಿ ಜಾಗ ಬೇಕು. ಆ ಏಳು ಮೀಟರ್‌ನಲ್ಲಿ ಹುಗ್ಗಿಯ ಕೊಪ್ಪರಿಗೆ ಇರುತ್ತದೆ. ಹುಗ್ಗಿಯನ್ನು ಸರಿಸುವ ಅಧಿಕಾರ ಯಾವ ತಂತ್ರಜ್ಞನಿಗೂ ಇಲ್ಲ.

ತೀರ್ಪು ಹೀಗಿದೆ. ಬಯಲಿನ ಸಭೆ, ಹಗಲ ಹೊತ್ತು, ಭಾಷಣ, ಸನ್ಮಾನ: ಎಲ್‌ಇಡಿ ವಾಲ್ ತನ್ನಿ, ಬ್ಲೆಂಡಿಂಗಿನ ಹೆಸರೆತ್ತಬೇಡಿ. ರಾತ್ರಿಯ ನಾಟಕಕ್ಕೆ ಉದ್ದನೆಯ ಹಿನ್ನೆಲೆ ಬೇಕಾದಾಗ, ಕೋಟೆಯ ಗೋಡೆಯಂಥ ಉಬ್ಬುತಗ್ಗಿನ ಮೇಲೆ ಚಿತ್ರ ಬಿಡುವಾಗ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥಲ್ಲಿ ಒಳಾಂಗಣದ ಕಾರ್ಯಕ್ರಮವಿದ್ದಾಗ ಮೂರು ಪ್ರೊಜೆಕ್ಟರ್‌ಗಳಿಗೆ ಅವಕಾಶವುಂಟು. ಅಡ್ವಾನ್ಸ್ ಕೊಡುವ ಮುನ್ನ ಸಮಿತಿಯವರು ಮೂರನ್ನೂ ಹಚ್ಚಿಸಿ, ಬರೀ ಬಿಳಿ ಬಿಡಿಸಿ ನೋಡಬೇಕು. ಆಮೇಲೆ ಒಂದೊಂದೂ ಎಷ್ಟು ಗಂಟೆ ಉರಿದಿದೆ ಎಂದು ಕೇಳಬೇಕು. ಬಾಡಿಗೆಯವರು ಹೇಳದಿದ್ದರೆ ಚಿಂತೆಯಿಲ್ಲ, ಆ ಲೆಕ್ಕ ಯಂತ್ರದ ಮೆನುವಿನಲ್ಲೇ ಇರುತ್ತದೆ.