ಗೋಡೆಯ ಆಚೆ ಅವರೆ, ಈಚೆ ಕರಿಬೇವು

ಅಮೆರಿಕದ ಶಿಕಾಗೊ ಮತ್ತು ಡೆಟ್ರಾಯಿಟ್ ನಗರಗಳ ಸುತ್ತಮುತ್ತ ನೆಲೆಸಿರುವ ಕನ್ನಡ ಗೃಹಸ್ಥರನ್ನು, ಅವರು ಕೊಂಡ ಮನೆಗಳ ವಯಸ್ಸನ್ನು ಆಧರಿಸಿ ಎರಡು ಪಂಗಡಗಳಾಗಿ ವಿಂಗಡಿಸಬಹುದು. ನೇಪರ್‌ವಿಲ್, ಅರೋರಾ, ಟ್ರಾಯ್, ನೋವೈ ಮೊದಲಾದ ಉಪನಗರಗಳಲ್ಲಿ ಬಣ್ಣದ ವಾಸನೆ ಇನ್ನೂ ಆರದ ಮನೆಗಳನ್ನು ಕೊಂಡ ಮೊದಲನೆಯ ಪಂಗಡದವರು, ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟಕ್ಕೋ ಡೆಟ್ರಾಯಿಟಿನ ಪಂಪ ಕನ್ನಡ ಕೂಟಕ್ಕೋ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಹೊತ್ತಿಗೆ ಸರಿಯಾಗಿ ಬರುತ್ತಾರೆ. ಎರಡನೆಯ ಪಂಗಡವು ಸಂಖ್ಯೆಯಲ್ಲಿ ಅಲ್ಪವಾದದ್ದು. ಬರ್ವಿನ್, ಫರ್ನ್‌ಡೇಲ್, ರಾಯಲ್ ಓಕ್ ಕಡೆಯ ನೂರು ವರ್ಷದ ಮನೆಯೊಂದರ ಲಕ್ಷಣಕ್ಕೆ ಮರುಳಾಗಿ, ಅದನ್ನು ಕೊಂಡ ವರ್ಷವೇ ತರಕಾರಿ ಬೆಳೆಯುವುದನ್ನೂ ಕಲಿಯುವೆವೆಂದು ಸಂಕಲ್ಪಿಸಿದ ಇವರು, ಉಗುರಿನ ಸಂದಿಯಲ್ಲಿ ಗಾರೆಯನ್ನೋ ಗೊಬ್ಬರವನ್ನೋ ಉಳಿಸಿಕೊಂಡು, ಸ್ವಾಗತ ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಪ್ರಸ್ತುತ ವಿವೇಚನೆ ಇವರಿಗೆ ಮೀಸಲು.

ಮನೆಯ ದುರಸ್ತಿಯೂ ತೋಟದ ಕಲಿಕೆಯೂ ಎರಡು ಬೇರೆ ಬೇರೆ ಕೆಲಸಗಳೆಂದೂ, ಒಂದರಲ್ಲಿ ಬೇಸರವಾದಾಗ ಇನ್ನೊಂದರಲ್ಲಿ ತೊಡಗಿ ದಣಿವಾರಿಸಿಕೊಳ್ಳಬಹುದೆಂದೂ ಈ ಪಂಗಡದವರು ಆರಂಭದಲ್ಲಿ ನಂಬಿರುತ್ತಾರೆ. ವಾಸ್ತವದಲ್ಲಿ ಮನೆಯೂ ಹಿತ್ತಿಲೂ ನಡುವಿನ ಗೋಡೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ತಮ್ಮ ತಮ್ಮ ತೊಂದರೆಗಳನ್ನು ಬಹುಕಾಲದಿಂದ ಪರಸ್ಪರ ಕೊಟ್ಟು ತೆಗೆದುಕೊಳ್ಳುತ್ತಾ ಬಂದಿರುತ್ತವೆ. ಹೊಸ ಯಜಮಾನನು ಆ ವ್ಯವಹಾರದ ನಡುವೆ ಕಾಲಿಡುತ್ತಾನೆ, ಅಷ್ಟೆ.

ಶಿಕಾಗೊದ ಬಂಗಲೆಯೆಂದರೆ ಸಾಹೇಬರ ಕಾಲದ, ಸುತ್ತಲೂ ಜಗಲಿಯುಳ್ಳ ವಿಶಾಲ ಭವನವೆಂದು ಓದುಗರು ಭಾವಿಸಬಾರದು. 1910ರಿಂದ 1940ರವರೆಗೆ, ದುಡಿಯುವ ಮತ್ತು ಮಧ್ಯಮ ವರ್ಗದ ಕುಟುಂಬಗಳಿಗಾಗಿ ಇಟ್ಟಿಗೆಯಲ್ಲಿ ಕಟ್ಟಿದ, ಒಂದೂವರೆ ಅಂತಸ್ತಿನ, ಮುಂಚಾಚಿದ ಸೂರಿನ, ಅಡಿಯಲ್ಲಿ ಪೂರ್ಣ ನೆಲಮಾಳಿಗೆಯುಳ್ಳ ಇಕ್ಕಟ್ಟಾದ ಮನೆಯಿದು. ನಗರದಲ್ಲಿ ಇಂಥವು ಸುಮಾರು 80,000 ಇವೆ. ಇದಕ್ಕೂ ಹಳೆಯದು 1871ರ ಮಹಾ ಅಗ್ನಿದುರಂತದ ನಂತರದ ದಶಕಗಳಲ್ಲಿ 25 ಅಡಿ ಅಗಲದ ನಿವೇಶನಗಳಲ್ಲಿ ಸಾಲುಸಾಲಾಗಿ ಎದ್ದ ಕಾರ್ಮಿಕರ ಕಾಟೇಜ್. ಇನ್ನು ಶಿಕಾಗೊದ ಸಿಯರ್ಸ್ ಕಂಪನಿಯು 1908ರಿಂದ 1940ರವರೆಗೆ ಕ್ಯಾಟಲಾಗಿನ ಮೂಲಕ, ಸೀರೆ ಸಾಬೂನುಗಳನ್ನು ಮಾರುವ ಸಲೀಸಿನಲ್ಲಿಯೇ, 70,000ಕ್ಕೂ ಹೆಚ್ಚು ಮನೆಗಳನ್ನು ಬಿಡಿಭಾಗಗಳಾಗಿ ರೈಲಿನಲ್ಲಿ ಕಳುಹಿಸಿತು. ತನ್ನದು ಅಂಥದೇ ಮನೆಯೆಂಬ ಗುಮಾನಿ ಹುಟ್ಟಿದ ಗೃಹಸ್ಥನು, ತೊಲೆಗಳ ಮೇಲೆ ಒತ್ತಿರಬಹುದಾದ ಅಂಕಿಗಳನ್ನು ಹುಡುಕುತ್ತಾ ಟಾರ್ಚು ಹಿಡಿದು ನೆಲಮಾಳಿಗೆಯಲ್ಲಿ ಶಾಸನತಜ್ಞನ ಗಾಂಭೀರ್ಯದಿಂದ ಸುತ್ತುತ್ತಾನೆ. ಅಂಕಿಗಿಂತ ಮೊದಲು ಸಿಗುವುದು ಸಾಮಾನ್ಯವಾಗಿ ಒದ್ದೆ. ಮೇಲಿನ ಗೋಡೆಗಳಾದರೋ ಮರದ ರೀಪುಗಳ ಮೇಲೆ ಗಾರೆ ಮೆತ್ತಿದಂಥವು, ಆದುದರಿಂದ ಒಂದು ಕ್ಯಾಲೆಂಡರಿಗೆ ಮೊಳೆ ಹೊಡೆಯಹೋದವನ ಕೈಗೆ ಒಂದು ಗಜ ಗೋಡೆ ಬರುತ್ತದೆ.

ಹಿತ್ತಿಲಿನ ವಿಷಯಕ್ಕೆ ಬಂದರೆ, ಅಮೆರಿಕದ ಕೃಷಿ ಇಲಾಖೆಯು ದೇಶವನ್ನು ಚಳಿಗಾಲದ ಕನಿಷ್ಠ ಉಷ್ಣಾಂಶದ ಸರಾಸರಿಯ ಮೇಲೆ 13 ವಲಯಗಳಾಗಿ ವಿಂಗಡಿಸಿ, 2023ರಲ್ಲಿ ಆ ನಕ್ಷೆಯನ್ನು ಪರಿಷ್ಕರಿಸಿದೆ. ಶಿಕಾಗೊ ಮತ್ತು ಡೆಟ್ರಾಯಿಟ್ ಬಹುಮಟ್ಟಿಗೆ ಆರನೆಯ ವಲಯಕ್ಕೆ ಸೇರುತ್ತವೆ, ಎಂದರೆ ಅಲ್ಲಿನ ಅತಿ ಚಳಿಯ ರಾತ್ರಿ ಸೊನ್ನೆಗಿಂತ 18ರಿಂದ 23 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದು ವಾಡಿಕೆ. ಸ್ಥೂಲವಾಗಿ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗಿನ ಐದು ತಿಂಗಳು ಮಾತ್ರ ಸಸಿಗೆ ಹಿಮದ ಭಯವಿಲ್ಲ. ತೊಡಕೆಂದರೆ, ಹೊರಗೋಡೆಗೆ ಬಣ್ಣ ಬಳಿಯುವುದಕ್ಕೂ, ಚಾವಣಿ ಹೊದಿಸುವುದಕ್ಕೂ, ಇಟ್ಟಿಗೆ ಸಂದಿನ ಸತ್ತ ಗಾರೆಯನ್ನು ಕೆರೆದು ಹೊಸದನ್ನು ತುಂಬುವ, ಶಿಕಾಗೊದವರು ಟಕ್‌ಪಾಯಿಂಟಿಂಗ್ ಎಂದು ಕರೆಯುವ ಕೆಲಸಕ್ಕೂ ಒದಗುವುದು ಅದೇ ಐದು ತಿಂಗಳು. ಹೀಗಾಗಿ ಏಣಿಯನ್ನು ಊರಬೇಕಾದ ಜಾಗವೂ ಮೆಂತ್ಯ ಮೊಳೆತ ಜಾಗವೂ ಒಂದೇ ಆಗುತ್ತದೆ. ಊರಿನಿಂದ ತಾಯಿಯೋ ಅತ್ತೆಯೋ ಬಂದಿಳಿಯುವುದೂ ಈ ಕಾಲದಲ್ಲಿಯೇ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ದೊರೆಯುವ ಆರು ತಿಂಗಳ ಅವಧಿಯು ಹಿಮರಹಿತ ಕಾಲದೊಂದಿಗೆ ಹೊಂದಿಕೊಳ್ಳುವುದರಿಂದ, ಮನೆಯಲ್ಲಿ ಬೇಸಾಯ ಬಲ್ಲ ಏಕೈಕ ವ್ಯಕ್ತಿಯು ಬೆಳೆಯೊಂದಿಗೇ ಬಂದು ಬೆಳೆಯೊಂದಿಗೇ ಹೋಗುತ್ತಾರೆ.

ಬಿಸಿಲನ್ನು ಅರಸುವ ಹೊಸಬನು ಮೊದಲು ಆರಿಸುವುದು ದಕ್ಷಿಣದ ಗೋಡೆಯ ಬುಡವನ್ನು. ಇಡೀ ಹಿತ್ತಿಲಿನಲ್ಲಿ ಬಿತ್ತಲು ಯೋಗ್ಯವಲ್ಲದ ಜಾಗವೂ ಅನೇಕ ವೇಳೆ ಅದೇ. ಅಮೆರಿಕದಲ್ಲಿ ಮನೆಯ ಬಣ್ಣಕ್ಕೆ ಸೀಸ ಬೆರೆಸುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಗಳ ಕಿಟಕಿ, ಸೂರು, ಮರದ ಗೋಡೆಗಳಿಂದ ಹಕ್ಕಳೆಯಾಗಿ ಉದುರಿದ ಬಣ್ಣವೆಲ್ಲ ಬುಡದ ಮಣ್ಣಿನಲ್ಲಿ ಸಂಚಯವಾಗಿರುತ್ತದೆ, ಮತ್ತು ದುರಸ್ತಿಯ ಉತ್ಸಾಹದಲ್ಲಿ ಕಿಟಕಿಯನ್ನು ಉಜ್ಜುವ ಗೃಹಸ್ಥನು ತನ್ನ ಪಾಲನ್ನೂ ಅದಕ್ಕೆ ಸೇರಿಸುತ್ತಾನೆ. ವಸತಿ ಜಾಗದ ಮಣ್ಣಿನಲ್ಲಿ ಹತ್ತು ಲಕ್ಷ ಭಾಗಕ್ಕೆ 400 ಭಾಗ ಸೀಸವಿದ್ದರೆ ಪರಿಶೀಲಿಸಬೇಕೆಂಬ ಮಿತಿಯನ್ನು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು 2024ರಲ್ಲಿ 200ಕ್ಕೆ ಇಳಿಸಿದ ಮೇಲಂತೂ, ನೆಲದಿಂದ ಮೇಲಕ್ಕೆ ಹಲಗೆಯ ಚೌಕಟ್ಟು ಕಟ್ಟಿ, ಅದರೊಳಗೆ ಪ್ಲಾಸ್ಟಿಕ್ ಚೀಲದ ಮಣ್ಣು ತುಂಬುವ ಎತ್ತರದ ಪಾತಿಯೇ ಕ್ಷೇಮವೆನಿಸಿದೆ. ಮಂಡ್ಯದ ಕಡೆಯಿಂದ ಬಂದ ತಾಯಿಯೊಬ್ಬರಿಗೆ ಮಗನು ಮಣ್ಣಿನ ರಸೀತಿಯನ್ನು ತೋರಿಸುವ ಪ್ರಸಂಗವನ್ನು ಇಲ್ಲಿ ವರ್ಣಿಸದಿರುವುದೇ ಲೇಸು. ಆ ಪಾತಿಯನ್ನು ಗೋಡೆಗೆ ಒತ್ತಿ ಕಟ್ಟಿದನೋ, ಹಿತ್ತಿಲು ತನ್ನ ಪ್ರತ್ಯುತ್ತರವನ್ನು ಕಳುಹಿಸುತ್ತದೆ: ಹಿಮಯುಗದ ಸರೋವರದ ತಳವಾಗಿದ್ದ ಅಲ್ಲಿನ ಜೇಡಿಮಣ್ಣು ನೀರನ್ನು ಬೇಗ ಇಂಗಿಸದು, ಟೊಮೇಟೊಗೆ ಹಾಯಿಸಿದ ನೀರು ನೆಲಮಾಳಿಗೆಯ ಗೋಡೆಯಲ್ಲಿ ಬೆವರಾಗಿ ಕಾಣಿಸಿಕೊಳ್ಳುತ್ತದೆ, ಆಮೇಲೆ ನೆಲದ ಗುಂಡಿಯಲ್ಲಿ ಶೇಖರವಾದ ನೀರನ್ನು ಹೊರಕ್ಕೆ ದೂಡುವ ಸಂಪ್ ಪಂಪ್ ಎಂಬ ಯಂತ್ರವು ಅದೇ ನೀರನ್ನು ಮತ್ತೆ ಹಿತ್ತಿಲಿಗೆ ಒಪ್ಪಿಸುತ್ತದೆ.

ಅಕ್ಕಪಕ್ಕದ ಮನೆಗಳ ನೆರಳು ಬೀಳದ ಜಾಗ ಮುಂದಿನ ಅಂಗಳವೊಂದೇ ಆದಾಗ ಕಾನೂನು ಪ್ರವೇಶಿಸುತ್ತದೆ. ಎರಡು ನಗರಗಳ ಪಕ್ಕದಲ್ಲಿಯೂ ಓಕ್ ಪಾರ್ಕ್ ಎಂಬ ಊರೊಂದಿದೆ. ಅವುಗಳಲ್ಲಿ ಮಿಷಿಗನ್ನಿನದರಲ್ಲಿ 2011ರಲ್ಲಿ ಮನೆಯ ಮುಂದೆ ತರಕಾರಿ ಬೆಳೆದ ನಿವಾಸಿಯೊಬ್ಬರ ಮೇಲೆ ಮೊಕದ್ದಮೆ ಹೂಡಿ, ದೇಶವೆಲ್ಲ ನಕ್ಕ ಮೇಲೆ ಅದನ್ನು ಕೈಬಿಡಲಾಯಿತು. ಇಲಿನಾಯ್ ರಾಜ್ಯವು ಸ್ವಂತ ಜಾಗದಲ್ಲಿ ತರಕಾರಿ ಬೆಳೆಯುವ ಹಕ್ಕನ್ನು ರಕ್ಷಿಸುವ ಕಾಯಿದೆಯನ್ನೇ 2022ರಿಂದ ಜಾರಿಗೆ ತಂದಿದೆ. ಆದರೆ ಕಳೆಯ ಸರಾಸರಿ ಎತ್ತರ 10 ಇಂಚು ಮೀರಿದರೆ ಶಿಕಾಗೊ ನಗರದಲ್ಲಿ ದಂಡ ತಪ್ಪದು, ಮತ್ತು ದಂಟಿನ ಸೊಪ್ಪನ್ನು ಕಳೆಯಿಂದ ಬೇರ್ಪಡಿಸಿ ಗುರುತಿಸುವ ತರಬೇತಿ ಎಲ್ಲ ಅಧಿಕಾರಿಗಳಿಗೂ ದೊರೆತಿರುತ್ತದೆಂದು ಭಾವಿಸಲಾಗದು. ಡೆಟ್ರಾಯಿಟಿನ ಪರಂಪರೆ ಹೆಚ್ಚು ಉದಾರ. 1893ರ ಆರ್ಥಿಕ ಕುಸಿತದ ಬೆನ್ನಲ್ಲೇ ಅಲ್ಲಿನ ಮೇಯರ್ ಹೇಜನ್ ಪಿಂಗ್ರಿ ನಗರದ ಖಾಲಿ ನಿವೇಶನಗಳನ್ನು ಆಲೂಗಡ್ಡೆ ಬೆಳೆಯಲು ನಿರುದ್ಯೋಗಿಗಳಿಗೆ ಬಿಟ್ಟುಕೊಟ್ಟು, ಮೊದಲು ಗೇಲಿಗೂ ಆಮೇಲೆ ಅನುಕರಣೆಗೂ ಪಾತ್ರನಾದನು. ಇಂದಿಗೂ ಅಲ್ಲಿನ ಭೂ ಬ್ಯಾಂಕು ಮನೆಗೆ ತಾಗಿದ ಖಾಲಿ ನಿವೇಶನವನ್ನು ಪಕ್ಕದ ಮನೆಯೊಡೆಯನಿಗೆ 100 ಡಾಲರಿಗೆ ಕೊಡುವ ಯೋಜನೆಯಿದೆ. ಈ ಸಂಗತಿಯನ್ನು ಬೆಂಗಳೂರಿನ ಬಂಧುಗಳಿಗೆ ಫೋನಿನಲ್ಲಿ ತಿಳಿಸುವವರು, ಸೈಟು ಎಂಬ ಪದವನ್ನು ಬಳಸುವ ಮುನ್ನ ಕೇಳುವವರ ರಕ್ತದೊತ್ತಡವನ್ನು ವಿಚಾರಿಸುವುದು ಒಳ್ಳೆಯದು.

ಪಾತಿಯ ನಂತರದ ಘಟ್ಟ ಚಪ್ಪರ. ಊರಿನಲ್ಲಿ ನಾಲ್ಕು ಗಳು ನೆಟ್ಟು ಹುರಿ ಬಿಗಿದರೆ ಮುಗಿಯುವ ಈ ಕೆಲಸಕ್ಕೆ ಅಲ್ಲಿ ಹಿಮರೇಖೆಯ ಜ್ಞಾನ ಬೇಕು. ಚಳಿಗಾಲದಲ್ಲಿ ನೆಲದೊಳಗಿನ ತೇವವು ಎಷ್ಟು ಆಳದವರೆಗೆ ಹೆಪ್ಪುಗಟ್ಟಬಹುದೋ ಆ ಆಳವೇ ಹಿಮರೇಖೆ. ಶಿಕಾಗೊ, ಡೆಟ್ರಾಯಿಟ್ ಎರಡರಲ್ಲಿಯೂ ಕಟ್ಟಡದ ತಳಪಾಯಕ್ಕೆ ವಿಧಿಸಿರುವ ಲೆಕ್ಕ 42 ಇಂಚು. ಅದಕ್ಕಿಂತ ಮೇಲೆ ನಿಂತ ಕಂಬವನ್ನು ಹೆಪ್ಪುಗಟ್ಟಿ ಉಬ್ಬುವ ಮಣ್ಣು ಎತ್ತಿಹಾಕುವುದರಿಂದ, ಎರಡಡಿ ಆಳದಲ್ಲಿ ನೆಟ್ಟ ಚಪ್ಪರವು ಏಪ್ರಿಲಿನ ಹೊತ್ತಿಗೆ ನೆರೆಮನೆಯತ್ತ ಬಾಗಿ ಕುಶಲ ವಿಚಾರಿಸುತ್ತಿರುತ್ತದೆ. ಆಳಕ್ಕೆ ಅಗೆಯೋಣವೆಂದರೆ, ಅಗೆಯುವ ಮೊದಲು ಕೆಲವು ದಿನ ಮುಂಚಿತವಾಗಿ 811 ಸಂಖ್ಯೆಗೆ ತಿಳಿಸುವುದು ಕಡ್ಡಾಯ. ಈ ಸೇವೆಯ ಹೆಸರು ಶಿಕಾಗೊ ನಗರದ ಹೊರಗಿನ ಇಲಿನಾಯ್‌ನಲ್ಲಿ ಜೂಲಿ, ಮಿಷಿಗನ್ನಿನಲ್ಲಿ ಮಿಸ್ ಡಿಗ್. ಗಂಡನು ಜೂಲಿಗೆ ಪದೇ ಪದೇ ಫೋನು ಮಾಡುತ್ತಿರುವ ಕಾರಣವನ್ನು ಅತ್ತೆಯವರಿಗೆ ಮೊದಲೇ ವಿವರಿಸಿಡಬೇಕಾಗುತ್ತದೆ. ಆಮೇಲೆ ಸಿಬ್ಬಂದಿ ಬಂದು ವಿದ್ಯುತ್ತಿಗೆ ಕೆಂಪು, ಅನಿಲಕ್ಕೆ ಹಳದಿ, ನೀರಿಗೆ ನೀಲಿ, ಒಳಚರಂಡಿಗೆ ಹಸಿರು, ದೂರಸಂಪರ್ಕಕ್ಕೆ ಕಿತ್ತಳೆ ಬಣ್ಣದ ಗೆರೆ ಎಳೆದು, ಬಾವುಟ ನೆಟ್ಟು ಹೋಗುತ್ತಾರೆ. ಎಲ್ಲ ಬಣ್ಣಗಳೂ ಸಂಧಿಸುವ ಜಾಗವೇ ಚಪ್ಪರಕ್ಕೆಂದು ಗುರುತಿಸಿಟ್ಟ ಜಾಗವಾಗಿರುತ್ತದೆ.

ಇಷ್ಟೆಲ್ಲ ಸಾಹಸ ಅವರೆಗಾಗಿ. ಜುಲೈ ತಿಂಗಳಿನಲ್ಲಿ ಬಳ್ಳಿ ಹಬ್ಬುವ ರಭಸಕ್ಕೆ ಗೃಹಸ್ಥನು ಹಿತಕಿದ ಬೇಳೆಯ ಸಾರಿಗೆ ಅತಿಥಿಗಳ ಪಟ್ಟಿಯನ್ನೂ ಸಿದ್ಧಪಡಿಸುತ್ತಾನೆ. ಆಗಸ್ಟ್ ಕಳೆದರೂ ಹೂವಿನ ಸುಳಿವಿಲ್ಲ. “ಬಳ್ಳಿಗೆ ಸೊಕ್ಕು ಬಂದದೆ ಕಣಪ್ಪ, ಗೊಬ್ಬರ ನಿಲ್ಸು” ಎಂದು ತಾಯಿ ನಿದಾನ ಹೇಳುತ್ತಾರೆ. ಸೊಕ್ಕಿನಷ್ಟೇ ಪ್ರಬಲವಾದ ಇನ್ನೊಂದು ಕಾರಣ ಆಕಾಶದಲ್ಲಿದೆ. ನಾಟಿ ಅವರೆಯು ಕಿರುಹಗಲಿನ ಸಸ್ಯ, ಎಂದರೆ ಹಗಲು ಒಂದು ಮಿತಿಗಿಂತ ಕುಗ್ಗಿದಾಗಲೇ ಹೂಬಿಡುವಂಥದು. ಬೆಂಗಳೂರಿನ ಅತಿ ದೀರ್ಘ ಹಗಲು 13 ಗಂಟೆಯನ್ನೂ ಮುಟ್ಟದು. 42 ಡಿಗ್ರಿ ಅಕ್ಷಾಂಶದ ಶಿಕಾಗೊದಲ್ಲಿ ಜೂನಿನ ಹಗಲು 15 ಗಂಟೆಯನ್ನು ಮೀರುತ್ತದೆ. ಬಳ್ಳಿಯು ಸೆಪ್ಟೆಂಬರ್ ಕೊನೆಯವರೆಗೆ ಎಲೆಯಲ್ಲಿಯೇ ಕಾಲ ಕಳೆದು, ಹಗಲು ಕುಗ್ಗಿದ್ದನ್ನು ಖಚಿತಪಡಿಸಿಕೊಂಡು ಹೂಬಿಡುವ ಹೊತ್ತಿಗೆ ಹಿಮವೂ ಇತ್ತ ಹೊರಟಿರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಹಗಲಿನ ಉದ್ದವನ್ನು ಲೆಕ್ಕಿಸದ ಹೆಬ್ಬಾಳ ಅವರೆ ತಳಿಗಳನ್ನು ರೂಪಿಸಿ ವರ್ಷಗಳಾಗಿವೆ. ಆದರೆ ಅವುಗಳಲ್ಲಿ ಹಳೆಯ ಸೊಗಡಿಲ್ಲವೆಂದು ಮೂಗು ಮುರಿಯುವವರು, ಬಿತ್ತಲು ನಾಟಿಯನ್ನೇ ಹುಡುಕುತ್ತಾರೆ. ಅಮೆರಿಕನ್ನರು ಇದೇ ಅವರೆಯನ್ನು ನೇರಳೆ ಹೂವಿನ ಅಂದಕ್ಕಾಗಿ ಬೆಳೆಸುವುದುಂಟಾದ್ದರಿಂದ, ಕಾಯಿಲ್ಲದ ಬಳ್ಳಿಯನ್ನು ನೆರೆಯವರು ಮನಸಾರೆ ಹೊಗಳುತ್ತಾರೆ, ಮತ್ತು ಆ ಹೊಗಳಿಕೆಗಿಂತ ಕಾಯಿಯ ಕಳವು ಸಹ್ಯವಾಗಿರುತ್ತಿತ್ತು.

ಕರಿಬೇವಿನ ಸ್ಥಿತಿ ಬೇರೆ. ಅದು ಹೂಬಿಡಬೇಕೆಂದು ಯಾರೂ ಬಯಸುವುದಿಲ್ಲ. ಅದರ ತೊಡಕಿರುವುದು ದೇಶದೊಳಗೆ ತರುವುದರಲ್ಲಿ. ಡೆಟ್ರಾಯಿಟಿನಲ್ಲಿ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ ನಡೆದ 2002ರಲ್ಲಿಯೇ, ಅದೇ ಪ್ರದೇಶದಲ್ಲಿ, ಏಷ್ಯಾದಿಂದ ಬಹುಶಃ ಸಾಗಣೆಯ ಮರದ ಪೆಟ್ಟಿಗೆಗಳೊಡನೆ ಬಂದ ಹಸಿರು ಕೊರಕ ಹುಳುವೊಂದು ಪತ್ತೆಯಾಗಿ, ಮುಂದೆ ಕೋಟ್ಯಂತರ ಆ್ಯಶ್ ಮರಗಳನ್ನು ಕೊಂದಿತು; ಎರಡು ಘಟನೆಗಳಿಗೂ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸುವುದು ಉಚಿತ. ಹೊರಗಿನ ಕೀಟಗಳ ಪೆಟ್ಟು ತಿಂದ ದೇಶವು, ಕಿತ್ತಳೆ ನಿಂಬೆ ತೋಟಗಳ ರೋಗವನ್ನು ಹರಡುವ ಕೀಟಕ್ಕೆ ಆಶ್ರಯ ಕೊಡುವ ಕರಿಬೇವನ್ನು ಚೀಲದಲ್ಲಿ ತರಗೊಡುವುದಿಲ್ಲ. ಆದುದರಿಂದ ಅಲ್ಲಿನ ಗಿಡಗಳಿಗೆ ವಂಶಾವಳಿಯಿದೆ, ಯಾವ ಮನೆಯ ತಾಯಿಗಿಡದ ಮರಿಯೆಂಬುದನ್ನು ಕೂಟದ ಊಟದ ಸಾಲಿನಲ್ಲಿ ಗೋತ್ರದಂತೆ ವಿಚಾರಿಸಲಾಗುತ್ತದೆ. ಅಕ್ಟೋಬರಿನಲ್ಲಿ ಕುಂಡವು ಒಳಗೆ ಬಂದಾಗ, ಯಾವ ಕೋಣೆಯ ದುರಸ್ತಿ ಮೊದಲು ಎಂಬ ವರ್ಷದ ವಾಗ್ವಾದ ಇತ್ಯರ್ಥವಾಗುತ್ತದೆ. ದಕ್ಷಿಣದ ಕಿಟಕಿಯಿರುವ ಕೋಣೆಯೇ ಮೊದಲು. ಗೃಹಸ್ಥನು ಅತಿಥಿಗಳಿಗೆ ಆ ಕಿಟಕಿಯ ಓಕ್ ಚೌಕಟ್ಟನ್ನೂ, ಗೋಡೆಯೊಳಗೆ ಅಡಗಿ ಗಾಜಿನ ಪಟ್ಟಿಯನ್ನು ತೂಗುವ ಎರಕದ ಗುಂಡನ್ನೂ, ತಾನೇ ಬದಲಿಸಿದ ಹುರಿಯನ್ನೂ ವಿವರಿಸುತ್ತಿರುವಷ್ಟು ಹೊತ್ತೂ ಅವರು ತಲೆಯಾಡಿಸುತ್ತಾ ಕುಂಡದ ಕಡೆಗೇ ನೋಡುತ್ತಿದ್ದು, ಕೊನೆಗೆ “ಒಂದೆರಡು ಎಸಳು ತಗೊಳ್ಳಲೇನ್ರೀ?” ಎಂದು ಕೇಳುತ್ತಾರೆ. ಆದಕಾರಣ ಅನುಭವಸ್ಥರು ಬಂದವರನ್ನು ಮೊದಲು ನೆಲಮಾಳಿಗೆಗೆ ಕರೆದೊಯ್ದು ಸಂಪ್ ಪಂಪನ್ನು ಸಾವಕಾಶವಾಗಿ ತೋರಿಸುತ್ತಾರೆ. ಅಷ್ಟರಲ್ಲಿ ಮನೆಯ ಇನ್ನೊಬ್ಬರು ಕುಂಡವನ್ನು ಮಹಡಿಗೆ ಸಾಗಿಸಿರುತ್ತಾರೆ.