ಸೊಂಟನೋವಿನ ಸಲಹೆಗಾರರು

ಮನುಷ್ಯನ ಸೊಂಟದಲ್ಲಿ 5 ಕಶೇರುಕಗಳು, ಅಂದರೆ ಬೆನ್ನುಮೂಳೆಯ ಮಣಿಗಳು, ಒಂದರ ಮೇಲೊಂದು ಕೂತಿದ್ದು, ಅವುಗಳ ನಡುವೆ ಡಿಸ್ಕ್ ಎನಿಸಿಕೊಳ್ಳುವ ಮೆತ್ತನೆಯ ಬಿಲ್ಲೆಗಳಿರುತ್ತವೆ. ಅವುಗಳಲ್ಲಿ ಯಾವುದು ಜಾರಿದೆಯೆಂಬುದನ್ನು ಹೊಸ್ತಿಲಾಚೆ ಚಪ್ಪಲಿ ಬಿಡುತ್ತಿರುವಾಗಲೇ ಹೇಳಬಲ್ಲವರನ್ನು ಸೊಂಟನೋವಿನ ಸಲಹೆಗಾರರೆಂದು ಕರೆಯಬಹುದು. ಪ್ರಾಯಶಃ ನಿವೃತ್ತರೂ ಖಂಡಿತವಾಗಿ ನೆರೆಯವರೂ ಆದ ಇವರು ಹಿಂದೊಮ್ಮೆ ತಾವೇ ಸೊಂಟ ಹಿಡಿದುಕೊಂಡು ಮಲಗಿದ್ದವರಾದ್ದರಿಂದ, ಇವರು ಹೇಳುವ ಕಾರಣಗಳಿಗೆ ಅನುಭವದ ಮುದ್ರೆಯಿರುತ್ತದೆ: ಆಲೂಗಡ್ಡೆಯ ವಾಯು, ಫ್ಯಾನಿನ ಗಾಳಿ, ಸೊಸೆ ತರಿಸಿದ ಫೋಮ್ ಹಾಸಿಗೆ.

ವೈದ್ಯಶಾಸ್ತ್ರಕ್ಕೆ ಇಷ್ಟು ಧೈರ್ಯವಿಲ್ಲ. ಹತ್ತು ಸೊಂಟನೋವುಗಳಲ್ಲಿ ಎಂಟೊಂಬತ್ತಕ್ಕೆ ಇದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದೆ, ಸ್ನಾಯು ಉಳುಕಿರಬಹುದು, ಬಹಳ ಹೊತ್ತು ಕೂತದ್ದರಿಂದಲೋ ಭಾರ ಎತ್ತಿದ್ದರಿಂದಲೋ ಬಂದಿರಬಹುದು ಎನ್ನುವ ವೈದ್ಯರು, ಬಹುಮಟ್ಟಿಗೆ ಅದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆಂದು ಹೇಳಿ ಕಳಿಸುತ್ತಾರೆ. ಇಂಥ ಸಪ್ಪೆ ಉತ್ತರ ಸಲಹೆಗಾರರಿಗೆ ಹಿಡಿಸದು.

ಅವರ ಪರಮೌಷಧವೆಂದರೆ ಒದೆ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆಂಬುದು ಹಳೆಯ ನಂಬಿಕೆ. ಹಳೆಯ ಪುಸ್ತಕಗಳ ಕಟ್ಟನ್ನು ಎತ್ತಲು ಬಗ್ಗಿ ಹಾಗೆಯೇ ನಿಂತುಬಿಟ್ಟ ಓರ್ವ ಬರಹಗಾರನಿಗಾಗಿ (ಆತನ ಹೆಸರು ಇಲ್ಲಿ ಅಪ್ರಸ್ತುತ) ಸಲಹೆಗಾರರು ಹಿಂದಿನ ಬೀದಿಯಿಂದ ಅಂಥ ಒಬ್ಬ ಪಿಯುಸಿ ಹುಡುಗನನ್ನೇ ಕರೆತಂದರು. ಮೂಢನಂಬಿಕೆಯ ವಿರುದ್ಧ ಲೇಖನ ಬರೆದು ಸಂಭಾವನೆಯನ್ನೂ ಪಡೆದಿದ್ದ ಆ ರೋಗಿ ಚಾಪೆಯ ಮೇಲೆ ಬೋರಲು ಮಲಗಿದ್ದಾಗ, ಹುಡುಗ ನಾಚಿಕೊಂಡು, “ಅಂಕಲ್, ಮೆಲ್ಲಗೆ ಒದೀಲಾ?” ಎಂದು ಕೇಳಿದರೆ, ಉತ್ತರ ಬಂದದ್ದು ಸಲಹೆಗಾರರಿಂದ: “ಜೋರಾಗಿ ಒದಿಯೋ, ಅವರಿಗೇನೂ ಆಗಲ್ಲ!”

ಇಷ್ಟಾದರೂ ಇವರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಇವರು ಹೇಳುವ ಲಕ್ಕಿಸೊಪ್ಪಿನ ಬಿಸಿನೀರ ಸ್ನಾನವಾಗಲಿ, ಟವೆಲ್ ಸುತ್ತಿದ ಬಿಸಿನೀರಿನ ಚೀಲದ ಕಾಲು ಗಂಟೆಯ ಶಾಖವಾಗಲಿ ಬಿಗಿದ ಸ್ನಾಯುವಿಗೆ ಹಿತವೇ. ತೊಂದರೆಯಿರುವುದು ಹದಿನೈದು ದಿನ ಬರೀ ನೆಲದ ಮೇಲೆ ಅಲುಗಾಡದೆ ಮಲಗಬೇಕೆಂಬ ಆಜ್ಞೆಯಲ್ಲಿ. ಏಕೆಂದರೆ ಒಂದೆರಡು ದಿನ ಮೀರಿದ ವಿಶ್ರಾಂತಿಯಿಂದ ಸ್ನಾಯುಗಳು ಸೊರಗುತ್ತವೆ; ಮನೆಯೊಳಗೇ ಆದರೂ ಆಗಾಗ ನಾಲ್ಕು ಹೆಜ್ಜೆ ನಡೆಯುವುದು, ಮಗ್ಗುಲಾಗಿ ಮಲಗುವಾಗ ಮಂಡಿಗಳ ನಡುವೆ ದಿಂಬಿಟ್ಟುಕೊಳ್ಳುವುದು ಅದಕ್ಕಿಂತ ಮೇಲು. ಕಾಲು ಬಲಗುಂದಿದರೆ, ತೊಡೆಸಂದು ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಮಾತ್ರ ಶಾಖವನ್ನೂ ಸಲಹೆಗಾರರನ್ನೂ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು; ನೋವಿನ ಜೊತೆ ಜ್ವರ ಬಂದರೂ, ಕಾರಣವಿಲ್ಲದೆ ತೂಕ ಇಳಿದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕಾಫಿ ಬಂದ ಮೇಲೆ ಸಲಹೆಗಾರರು ತಮ್ಮ ಹಳೆಯ ಎಂಆರ್‌ಐ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಬ್ಬಿದ ಡಿಸ್ಕನ್ನು ಹೆಮ್ಮೆಯಿಂದ ತೋರಿಸುತ್ತಾರೆ. ನೋವೇ ಇಲ್ಲದ ಇಪ್ಪತ್ತರ ಹರೆಯದವರಲ್ಲೂ ಶೇ. 30ರಷ್ಟು ಜನರಿಗೆ ಇಂಥ ಉಬ್ಬು ಕಾಣುತ್ತದೆಂದು ಅವರಿಗೆ ಹೇಳುವುದು ಕ್ರೌರ್ಯವಾದೀತು. ಮಕ್ಕಳು ದೂರದೂರಿನಲ್ಲಿದ್ದು, ಆ ಫಿಲ್ಮನ್ನು ನೋಡುವವರು ಬೀದಿಯಲ್ಲಿ ಬೇರಾರೂ ಉಳಿದಿಲ್ಲ.

ಮೂರನೆಯ ವಾರದಲ್ಲಿ ಬರಹಗಾರನ ನೋವು ತಾನಾಗಿ ಇಳಿದಾಗ ಕೀರ್ತಿಯೆಲ್ಲ ಒದೆಗೆ ಸಂದಿತು. ಈಗ ಬೀದಿಯ ಆ ತುದಿಯಲ್ಲಿ ಇನ್ನೊಬ್ಬರಿಗೆ ಸೊಂಟ ಹಿಡಿದಿದ್ದು, ಪರೀಕ್ಷೆ ಮುಗಿಯುವವರೆಗೆ ಹುಡುಗನನ್ನು ಕಳಿಸಲಾಗದೆಂದು ಅವನ ತಾಯಿ ಸಲಹೆಗಾರರಿಗೆ ಖಡಾಖಂಡಿತವಾಗಿ ಹೇಳಿದ್ದಾರೆ.