ಕವನ ಸ್ಪರ್ಧೆಯ ಸಂಚಾಲಕರಿಗೆ, ತಿಕೋಟಾ ಕಡೆಯಿಂದ



‘ಸ್ಪರ್ಧೆಯ ಬಗ್ಗೆ ಯಾವುದೇ ಪತ್ರವ್ಯವಹಾರಕ್ಕೆ ಅವಕಾಶವಿಲ್ಲ’ ಎಂದು ತಮ್ಮ ಮಾಸಪತ್ರಿಕೆ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿದೆ. ಹೀಗಾಗಿ ಈ ಪತ್ರ ಬಹಿರಂಗವಾಗಿಯೇ ಬರಬೇಕಾಯಿತು.

ತಿಕೋಟಾ, ಬಬಲೇಶ್ವರದ ಕವಿಗಳು ತಮ್ಮ ನಿಯಮಗಳನ್ನು ಭಕ್ತಿಯಿಂದ ಓದಿದ್ದಾರೆ. ಕವನ ಸ್ವಂತದ್ದಾಗಿರಬೇಕು. ಎಲ್ಲೂ ಪ್ರಕಟವಾಗಿರಬಾರದು, ವಾಟ್ಸ್ಆ್ಯಪ್‌ಗೂ ಹಾಕಿರಬಾರದು, ಗೋಷ್ಠಿಯಲ್ಲೂ ಓದಿರಬಾರದು. 24 ಸಾಲು ಮೀರಬಾರದು. ಕವಿಯ ಹೆಸರು, ಗುರುತು ಯಾವುದೂ ಕವನದ ಹಾಳೆಯ ಮೇಲೆ ಕಾಣಬಾರದು. ಯೂನಿಕೋಡ್ ಕಡ್ಡಾಯ.

ಯೂನಿಕೋಡಿನ ಸಂಕಟ ಮೊದಲು. ಒಣದ್ರಾಕ್ಷಿ ಮನೂಕದ ಶೆಡ್ಡಿನ ಲೆಕ್ಕ ಮುಗಿಸಿ, ಬಸ್ ಹಿಡಿದು ವಿಜಯಪುರಕ್ಕೆ ಬಂದ ಕವಿ ಟೈಪಿಂಗ್ ಅಂಗಡಿಯಲ್ಲಿ ಸರದಿ ಕಾಯುತ್ತಾನೆ. ಅಲ್ಲಿ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಹೊಡೆದದ್ದನ್ನು ಯೂನಿಕೋಡಿಗೆ ಬದಲಿಸಿದರೆ ಅರ್ಕಾವತ್ತು ಜಾಗ ಬಿಟ್ಟು ಓಡುತ್ತದೆ. ‘ವರ್ಷ’ ಹೋಗಿ ‘ವಷರ್’, ‘ಧರ್ಮ’ ಹೋಗಿ ‘ಧಮರ್’. ತಿದ್ದಲು ಹೊರಟವನಿಗೆ ಅಂಗಡಿಯವನು ಸಮಾಧಾನ ಹೇಳುತ್ತಾನೆ: “ಇರ್ಲಿ ಬಿಡ್ರಿ ಸರ, ನವ್ಯ ಅಂತ ತಿಳ್ಕೋತಾರ.”

ಇನ್ನು ಅಪ್ರಕಟಿತ ಎನ್ನುವ ಮಾತು. 1656ರಲ್ಲಿ ಮುಗಿದ ಗೋಳಗುಮ್ಮಟದ ಮೇಲಿನ ಸುತ್ತಿನಲ್ಲಿ ನಿಂತು ಕವಿ ತನ್ನಷ್ಟಕ್ಕೆ ಒಂದು ಸಾಲು ಪಿಸುಗುಟ್ಟಿದರೂ ಎದುರು ಗೋಡೆಯ ಬಳಿ ಇದ್ದವನಿಗೆ ಕೇಳಿಸುತ್ತದೆ. ಇದು ಪ್ರಕಟಣೆಯೋ ಅಲ್ಲವೋ? ತೀರ್ಪುಗಾರರು ಸ್ಪಷ್ಟಪಡಿಸಬೇಕು.

ಇದೇ ನಿಯಮಗಳನ್ನು ಹಿಡಿದು ಜಿಲ್ಲೆಯ ಹಳೆಯ ಪ್ರವೇಶಪತ್ರಗಳನ್ನೂ ಪರಿಶೀಲಿಸಿದರೆ ತಮ್ಮ ಕೆಲಸ ಬಹಳ ಹಗುರಾಗುತ್ತದೆ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲೇ ತೊರವಿ ಸಿಗುತ್ತದೆ. ಅಲ್ಲಿಯ ನರಹರಿ ‘ಕುಮಾರ ವಾಲ್ಮೀಕಿ’ ಎಂಬ ಹೆಸರಿಟ್ಟುಕೊಂಡು 5,000ಕ್ಕೂ ಹೆಚ್ಚು ಭಾಮಿನಿ ಷಟ್ಪದಿಗಳಲ್ಲಿ ರಾಮಾಯಣ ಬರೆದ. 24 ಸಾಲು ಎಂದರೆ ನಾಲ್ಕು ಷಟ್ಪದಿ; ಅಷ್ಟರಲ್ಲಿ ದಶರಥನಿಗೆ ಮಕ್ಕಳ ಚಿಂತೆಯೂ ಶುರುವಾಗಿರುವುದಿಲ್ಲ. ಬಸವನಬಾಗೇವಾಡಿಯ ಬಸವಣ್ಣನದು ಇನ್ನೂ ದೊಡ್ಡ ತಪ್ಪು. ವಚನ ವಚನಕ್ಕೂ ಅಂಕಿತ! ಗುರುತು ಮುಚ್ಚಿಡುವ ಕನಿಷ್ಠ ಶಿಸ್ತೂ ಇಲ್ಲ.

ಹಲಸಂಗಿಯ ಗೆಳೆಯರದಂತೂ ಕೇಳುವುದೇ ಬೇಡ. ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ ಸೇರಿ 1931ರಲ್ಲಿ ಜನಪದ ಹಾಡುಗಳ ಸಂಗ್ರಹ ‘ಗರತಿಯ ಹಾಡು’ ತಂದರು. ಯಾವ ಸಾಲು ಯಾವ ತಾಯಿಯದು ಎಂದು ಹೇಳುವವರಿಲ್ಲ. ಬೀಸುವ ಕಲ್ಲಿನ ಮುಂದೆ ಎಷ್ಟು ಬೆಳಗುಗಳಲ್ಲಿ ‘ಪ್ರಕಟ’ವಾಗಿತ್ತೋ ಲೆಕ್ಕವಿಲ್ಲ. ಸ್ವಂತದ್ದೆಂಬ ದೃಢೀಕರಣ ಪತ್ರಕ್ಕೆ ಸಹಿ ಹಾಕುವವರು ಯಾರು? ಎಲ್ಲರೂ ಅನರ್ಹರು.

ಅನರ್ಹರಾದವರು ಏನು ಮಾಡಬೇಕು ಎನ್ನುವುದಕ್ಕೂ ಈ ಜಿಲ್ಲೆಯಲ್ಲಿ ಒಂದು ಮೇಲ್ಪಂಕ್ತಿ ಇದೆ. ವಕೀಲ ಫ.ಗು. ಹಳಕಟ್ಟಿಯವರು ಸಂಗ್ರಹಿಸಿದ ವಚನಗಳ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಅಚ್ಚು ಮಾಡದೆ ಹಿಂದಕ್ಕೆ ಕಳಿಸಿತು. ಕೊನೆಗೆ ಅದು ‘ವಚನಶಾಸ್ತ್ರಸಾರ’ವಾಗಿ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ಅವರು ಮನೆ ಮಾರಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇಂದಿನ ಕವಿಗೆ ಆ ದಾರಿಯೂ ಇಲ್ಲ. ಮನೆಯ ಕಾಗದ ಆಗಲೇ ಬ್ಯಾಂಕಿನಲ್ಲಿದೆ.

ಆದ್ದರಿಂದ ಒಂದು ಆಮಂತ್ರಣ. ಈ ಸೀಮೆಯ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಮೇಳಗಳು ಎದುರುಬದುರು ನಿಲ್ಲುತ್ತವೆ. ಗಂಡು ಹೆಚ್ಚು ಎಂದು ಒಬ್ಬರು, ಹೆಣ್ಣು ಹೆಚ್ಚು ಎಂದು ಇನ್ನೊಬ್ಬರು. ದಪ್ಪು, ತುಂತುಣಿ ಹಿಡಿದು ಬೆಳತನಕ ಸವಾಲು-ಜವಾಬು. ಪ್ರವೇಶ ಶುಲ್ಕವಿಲ್ಲ, ಸಾಲಿನ ಮಿತಿಯಿಲ್ಲ, ಕವಿಯ ಭಾವಚಿತ್ರ ಬೇಡ, ಕವಿಯೇ ಎದುರಿಗಿರುತ್ತಾನೆ. ತಮ್ಮ ತೀರ್ಪುಗಾರರು ಒಮ್ಮೆ ಬಂದು ಇಲ್ಲಿ ಕುಳಿತು ತೀರ್ಪು ಕೊಡಲಿ. ಊಟ, ಹಾಸಿಗೆ ಊರವರದು. ಕರಾರು ಒಂದೇ: ಸೋತವರು ಯಾಕೆ ಸೋತರು ಎಂದು ಜನ ಕೇಳಿಯೇ ಕೇಳುತ್ತಾರೆ, ಹೇಳದೆ ಎದ್ದು ಹೋಗುವ ಹಾಗಿಲ್ಲ.

ಇಂತಿ,
ತಿಕೋಟಾ–ಬಬಲೇಶ್ವರ ಭಾಗದ ಓದುಗರು